ಹಿರಿಯ ಭಂಡಾರಿಯ ವಂಶೋದ್ಧಾರಕ

ಅರಸೀಕೆರೆಯಲ್ಲಿ ಪೇಂಟು, ಮೊಳೆ, ನಲ್ಲಿ ಮಾರುವ ಚಂದ್ರರಾಜ ಭಂಡಾರಿಯವರಿಗೆ, ಮಗ ಶ್ರೀಪಾಲ ಮನೆಅಳಿಯನಾಗಿ ಹೋಗುತ್ತೇನೆಂದದ್ದು ಸಿಡಿಲು ಬಡಿದಂತಾಯಿತು. ಅವನು ಒಪ್ಪಿದ ಹುಡುಗಿ ತ್ರಿಶಾ ಬೇಲೂರಿನವಳು, ಒಬ್ಬಳೇ ಮಗಳು. ಅವಳ ತಂದೆ ವರ್ಧಮಾನಯ್ಯನವರಿಗೆ ಬಟ್ಟೆ ಅಂಗಡಿಯಿತ್ತು, ಮಂಡಿನೋವಿತ್ತು, ಗಲ್ಲಾದ ಮೇಲೆ ಕೂರುವವರು ಮಾತ್ರ ಇರಲಿಲ್ಲ.

"ಭಂಡಾರಿ ವಂಶದ ಗಂಡು ಮಾವನ ಮನೇಲಿ ಊಟಕ್ಕೆ ಕೂರೋದಾ? ಹೊಯ್ಸಳರ ಹಿರಿಯ ಭಂಡಾರಿ ಯಾರು ಗೊತ್ತೇನೋ? ಹುಳ್ಳರಾಜ! ಬೆಳಗೊಳದಲ್ಲಿ ಬಸದಿ ಕಟ್ಟಿಸಿದೋನು. ನಮ್ಮದು ಆ ರಕ್ತ!"

"ನಿಮ್ಮ ರಕ್ತದಲ್ಲಿರೋದು ಸಕ್ಕರೆ ಕಣ್ರೀ," ಎಂದರು ಹೆಂಡತಿ ಶೀಲಾವತಿ, ಹುರುಳಿಕಾಯಿ ಮುರಿಯುತ್ತಾ. "ಭಂಡಾರ ಯಾರ ಪಾಲಾಯ್ತೋ, ಭಂಡತನ ಮಾತ್ರ ನಿಮ್ಮ ಪಾಲಿಗೆ ಬಂತು."

ಅಪಮಾನಿತರಾದ ಚಂದ್ರರಾಜರು ಅಂದಿನಿಂದ ವಂಶಸಂಶೋಧನೆಗೆ ಕಂಕಣ ಕಟ್ಟಿದರು. (ಅಂಗಡಿ ಹುಡುಗರಿಗೆ ಸುಗ್ಗಿಯೋ ಸುಗ್ಗಿ.) ಹಳೇಬೀಡಿನ ಬಸದಿಗಳಿಗೆ ಹೋಗಿ ಶಾಸನಗಳ ಮುಂದೆ ನಿಂತರು. ಹಳಗನ್ನಡ ಓದಲು ಬಾರದಿದ್ದರೂ ತಲೆದೂಗಲು ಬರುತ್ತಿತ್ತು. ಪುಸ್ತಕಗಳನ್ನು ತಿರುವಿದಾಗ ಆ ಕಾಲದಲ್ಲಿ ಭಂಡಾರಿಗಳಿಗೆ ಬರವಿರಲಿಲ್ಲವೆಂದು ತಿಳಿಯಿತು. ರಾಜನ ಬೊಕ್ಕಸ ಕಾದವನೂ ಭಂಡಾರಿ, ರತ್ನ ಕಾದವನೂ ಭಂಡಾರಿ, ಗುಡಿ-ಬಸದಿಗಳ ಉಗ್ರಾಣ ಕಾದವನೂ ಭಂಡಾರಿ. ಚಂದ್ರರಾಜರು ಧಾರಾಳ ಮನಸ್ಸಿನಿಂದ ಬೊಕ್ಕಸ ಮತ್ತು ರತ್ನ ಎರಡನ್ನೂ ತಮ್ಮ ವಂಶಕ್ಕೆ ಬರೆದುಕೊಂಡರು.

ಇನ್ನು ಉಳಿದದ್ದು ಸಾಕ್ಷಿ. ಹಳೇಬೀಡಿನಲ್ಲಿದ್ದ ಸೋದರತ್ತೆ ಜಿನ್ನಮ್ಮನ ಬಾಯಿಂದಲೇ ಮಗನಿಗೆ ವಂಶದ ಹಿರಿಮೆ ಕೇಳಿಸಬೇಕೆಂದು ಹೆಂಡತಿ, ಮಗ ಇಬ್ಬರನ್ನೂ ಕಾರಿನಲ್ಲಿ ಹೇರಿಕೊಂಡು ಹೊರಟರು.

"ಅತ್ತೆ, ನಾವು ಯಾವ ಭಂಡಾರ ಕಾಯ್ತಿದ್ವಿ? ಹೇಳು, ಇವನಿಗೆ ಕೇಳಿಸ್ಲಿ."

"ಬಸದೀದು ಕಣೋ ಚಂದ್ರು. ಅಕ್ಕಿ, ಬೇಳೆ, ದೀಪದ ಎಣ್ಣೆ."

ರತ್ನಗಳು ಬೇಳೆಯಾದದ್ದನ್ನು ಚಂದ್ರರಾಜರು ಹೇಗೋ ನುಂಗಿಕೊಂಡರು. "ಆಗ್ಲಿ, ಧರ್ಮದ ಕೆಲಸ. ನಮ್ಮ ಮುತ್ತಾತನ ಕಾಲದಿಂದ್ಲೂ..."

"ನಿಮ್ ಮುತ್ತಾತ ಎಲ್ ಭಂಡಾರಿ?" ಜಿನ್ನಮ್ಮ ಬೊಚ್ಚುಬಾಯಿ ತೆರೆದು ನಕ್ಕರು. "ಭಂಡಾರಿ ಅನ್ನೋದು ನಮ್ಮಜ್ಜಿ ತವರಿನ ಹೆಸ್ರು. ನಿಮ್ ಮುತ್ತಾತ, ಅಂದ್ರೆ ನಮ್ ತಾತ, ಬಾಣಾವರದ ಕಡೆಯಿಂದ ಬಂದೋರು. ಈ ಮನೇಗೆ ಅಳಿಯ ಆಗಿ ಬಂದು ಇಲ್ಲೇ ಉಳ್ಕೊಂಡ್ರು. ಹೆಸ್ರೂ ಇಲ್ಲೀದೇ ಅಂಟ್ಕಂತು."

"ಅವರ ಸ್ವಂತ ಮನೆತನದ ಹೆಸರು?" ಚಂದ್ರರಾಜರು ಕೇಳಿದರು.

"ಯಾರ್ ಕೇಳಿದ್ರು? ಸಾಯೋಗಂಟ ಎಲ್ರೂ 'ಅಳಿಯಂದ್ರೇ' ಅಂತಿದ್ರಪ್ಪ."

ಶ್ರೀಪಾಲ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜಗಳು ಕುಲುಕುತ್ತಿದ್ದವು. ಚಂದ್ರರಾಜರು ಅತ್ತೆ ಕೊಟ್ಟಿದ್ದ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು. ನಾಲ್ಕು ತಲೆಮಾರು ಉಂಡ ಅನ್ನ ಅಳಿಯನ ಅನ್ನವೆಂದ ಮೇಲೆ ಮಗನಿಗೆ ಬೇಡವೆನ್ನಲು ಬಾಯಿ ಎಲ್ಲಿಂದ ಬರಬೇಕು? ಕೊನೆಗೆ ನಿಟ್ಟುಸಿರಿಟ್ಟು ಅವರೇ ಬೇಲೂರಿಗೆ ಫೋನು ಹಚ್ಚಿದರು.

"ವರ್ಧಮಾನಯ್ಯನವರೇ, ಹುಡುಗ ನಿಮ್ಮನೇಗೇ ಬರ್ತಾನೆ. ನಮ್ಮ ವಂಶದ ಸಂಪ್ರದಾಯವೂ ಅದೇ."

ಆ ಕಡೆ ವರ್ಧಮಾನಯ್ಯನವರು ಸಂತೋಷದಿಂದ ಕೂಗಿಯೇಬಿಟ್ಟರು. "ದೊಡ್ಡ ಮನಸ್ಸು ನಿಮ್ದು! ಅವನೊಬ್ಬ ಯಾಕೆ? ನಮ್ಮ ಮಹಡಿ ಖಾಲಿ ಐತೆ. ಅಂಗಡಿ ಕೊಟ್ಬಿಟ್ಟು ನೀವೂ ಬಂದ್ಬಿಡಿ. ಒಟ್ಟಿಗಿರೋಣ."

ಬೀಗರ ಮನೆಯಲ್ಲಿ ಬಿಡಾರ! ಇದನ್ನು ಘನತೆಯಿಂದ ನಿರಾಕರಿಸಲು ಚಂದ್ರರಾಜರು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಶೀಲಾವತಿ ಅವರ ಕೈಯಿಂದ ಫೋನು ಕಿತ್ತುಕೊಂಡು, "ಚಾತುರ್ಮಾಸ ಮುಗೀಲಿ ಅಣ್ಣಾ, ಸಾಮಾನು ಸಮೇತ ಬರ್ತೀವಿ," ಎಂದುಬಿಟ್ಟಿದ್ದರು.