ಸಿದ್ದಕ್ಕನ ಹೊಲವನ್ನು ಸೊನ್ನೆಗಿಂತ ಕೆಳಗಿಳಿಸಿದ ಯಂತ್ರಕ್ಕೆ

ಗೂಗೆಕಟ್ಟೆ, ಹಿರಿಯೂರು ತಾಲ್ಲೂಕು
೧೪-೩-೧೯೭೮

ಗೂಗೆಕಟ್ಟೆ ತೂಬು ಕಚೇರಿಯ ಮೇಜಿನ ಮೇಲೆ, ಹಸಿರು ಮಖಮಲ್ಲಿನ ಹೊದಿಕೆಯಡಿ ವಿರಾಜಮಾನರಾಗಿರುವ ಲೆಕ್ಕದ ಯಂತ್ರ ಮಹಾಶಯರಿಗೆ, ನೀರಿನ ಸರದಿ ಹೋರಾಟ ಸಮಿತಿಯ ಓಬಯ್ಯ ಹೊರಜಗಲಿಯಿಂದಲೇ ಚಪ್ಪಲಿ ಬಿಟ್ಟು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಪರದೇಶದಿಂದ ಪುಕ್ಕಟೆಯಾಗಿ ದಯಮಾಡಿಸಿದವರು, ವರ್ಗಮೂಲ, ಸೈನು, ಲಾಗರಿದಮ್ಮುಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸಿ ಕಾಗದದ ಪಟ್ಟಿಯ ಮೇಲೆ ಉಗುಳುವವರು ಎಂದು ಕೇಳಿ ನಮ್ಮ ಎದೆ ಉಬ್ಬಿತ್ತು. ನಮ್ಮ ನೀರುಗಂಟಿ ಜುಂಜಣ್ಣ ಮೂವತ್ತು ವರ್ಷದಿಂದ ನೆಟ್ಟ ಕೋಲಿನ ನೆರಳು ನೋಡಿ ಮಾರಿಕಣಿವೆಯ ನಾಲೆ ನೀರನ್ನು ಹೊಲಹೊಲಕ್ಕೆ ಬಿಡುತ್ತಿದ್ದ. ತಾವು ಬಂದ ದಿನವೇ ಆ ಕೋಲನ್ನು ಕಿತ್ತು ತಮ್ಮ ಹೊದಿಕೆ ಒಣಹಾಕಲು ಕಟ್ಟಿದ್ದಾರೆ.

ಊರಿನಲ್ಲಿ ನಾಲ್ಕೇ ಮೂಲೆ ಇರುವ ಹೊಲಗಳಿಗೆ ಉದ್ದ ಅಗಲದ ಗುಣಾಕಾರವೇ ಸಾಕಾಯಿತು. ಕುರಿ ಸಾಕುವ ಸಿದ್ದಕ್ಕನ ಮೂವತ್ತು ಗುಂಟೆ ಮಾತ್ರ ಟಗರಿನ ಕೊಂಬಿನಂತೆ ತಿರುಚಿಕೊಂಡು ಒಂಬತ್ತು ಮೂಲೆ ಇರುವುದರಿಂದ ಅದಕ್ಕೆ ತಮ್ಮ ಉನ್ನತ ಗಣಿತವೇ ಬೇಕಾಯಿತು. ಸರಪಳಿ ಹಿಡಿಯುವ ಕಾಟಪ್ಪ ಅಳೆದು ತಂದ, ತೂಬು ಕಚೇರಿಯ ಸಾಹೇಬರು ಆ ಅಂಕಿಗಳನ್ನು ತಮಗೆ ಉಣಿಸಿದರು, ತಾವು ಮೈನಸ್ ಮೂವತ್ತು ಗುಂಟೆ ಎಂದು ಅಪ್ಪಣೆ ಕೊಡಿಸಿದಿರಿ. ಮೂವತ್ತು ಗುಂಟೆಗೆ ವಾರಕ್ಕೆ ನಾಲ್ಕು ಗಂಟೆ ನೀರಾದರೆ ಮೈನಸ್ ಮೂವತ್ತಕ್ಕೆ ಮೈನಸ್ ನಾಲ್ಕು ಗಂಟೆ, ಆದ್ದರಿಂದ ಸಿದ್ದಕ್ಕ ಪ್ರತಿ ಸೋಮವಾರ ನಾಲ್ಕು ಗಂಟೆಯಷ್ಟು ನೀರನ್ನು ತನ್ನ ಹೊಲದಿಂದ ನಾಲೆಗೆ ವಾಪಸು ಬಿಡತಕ್ಕದ್ದು ಎಂದು ಮೊಹರು ಒತ್ತಿದ ನೋಟೀಸು ಬಂತು. ಅದನ್ನು ಓದಿಸಿಕೊಂಡು ಅವಳು, “ಹಂಗಾರೆ ಇಷ್ಟು ವರ್ಸ ನಾನು ಉತ್ತಿದ್ದು ಯಾರ ಕನಸ್ನಾಗೆ ಸಾಮಿ? ಕೆಸರು ಮಾತ್ರ ನನ್ನ ಕಾಲಿಗೇ ಮೆತ್ತಿಕಂಡೈತೆ” ಎಂದು ಸಾಹೇಬರನ್ನು ಕೇಳಿದ್ದು ತಮ್ಮ ಪವಿತ್ರ ಕಿವಿಗೆ ಬಿದ್ದಿರಲಾರದು. ನಾಲೆ ತುಂಬಿ ಹರಿಯುತ್ತಿದೆ, ಅವಳ ತೂಬಿಗೆ ಮಾತ್ರ ಬೀಗ. ಭತ್ತ ಇನ್ನೇನು ತೆನೆ ಬಿಚ್ಚಬೇಕು, ಹೊಡೆ ತುಂಬಿ ನಿಂತಿದೆ. ಬರುವ ಸೋಮವಾರದ ಸರದಿಯೂ ತಪ್ಪಿದರೆ ಅಷ್ಟೂ ಜೊಳ್ಳು.

ಚಿತ್ರದುರ್ಗದ ಒಬ್ಬ ಗಣಿತದ ಮೇಷ್ಟ್ರು ರೋಗ ಪತ್ತೆ ಮಾಡಿದರು. ತಮ್ಮ ಶಾಸ್ತ್ರದಲ್ಲಿ ಮೂಲೆಗಳನ್ನು ಎಡಸುತ್ತು ಸುತ್ತಿ ಬರೆದರೆ ಹೊಲ ಪ್ಲಸ್, ಬಲಸುತ್ತು ಸುತ್ತಿದರೆ ಅದೇ ಹೊಲ ಮೈನಸ್ ಅಂತೆ. ಕಾಟಪ್ಪ ಗುಡಿ ಸುತ್ತಿದ ಹಾಗೆ ಬಲಕ್ಕೇ ಸುತ್ತಿದ್ದ. ಎಡಕ್ಕೆ ಸುತ್ತಿ ಮತ್ತೆ ಅಳೆ ಎಂದು ಸಾಹೇಬರು ಗದರಿದಾಗ, “ಎಡಕ್ಕೆ ಸುತ್ತದು ಹೆಣಾನ, ಸಾಹೇಬ್ರೇ. ಈಯಮ್ಮನೂ ಬದುಕೈತೆ, ಪೈರೂ ಬದುಕೈತೆ” ಎಂದು ಸರಪಳಿ ಕೆಳಗಿಟ್ಟ. ಸಿದ್ದಕ್ಕನಂತೂ, “ಲೇ ಕಾಟಪ್ಪ, ನೀನೇನಾರ ಎಡಕ್ಕೆ ಹೆಜ್ಜೆ ಇಟ್ಯೋ, ನಿನ್ನ ಮನೆ ಸುತ್ತ ನಾನು ಎಡಕ್ಕೆ ಸುತ್ತಿ ಬತ್ತೀನಿ” ಎಂದು ಬದುವಿನ ಮೇಲೆ ಕುಂತಳು. ಹೋಗಲಿ, ಆ ಮೈನಸ್ ಗೀಟನ್ನು ರಬ್ಬರಿನಲ್ಲಿ ಅಳಿಸಿ ಎಂದರೆ, ಪುಕ್ಕಟೆ ಬಂದ ಯಂತ್ರವನ್ನು ಅನುಮಾನಿಸಿದರೆ ಕೊಟ್ಟವರು ವಾಪಸು ಒಯ್ದಾರೆಂದು ಸಾಹೇಬರು ಬೆವರುತ್ತಾರೆ. ಒಂದು ಗೀಟಿಗೆ ಹೆದರುವ ಸರ್ಕಾರ ಒಬ್ಬ ಹೆಂಗಸಿನ ಭತ್ತ ಒಣಗುವುದಕ್ಕೆ ಹೆದರುವುದಿಲ್ಲ.

ಆದಕಾರಣ ಬೇಡಿಕೊಳ್ಳುವುದೇನೆಂದರೆ, ಮೈನಸ್ ಹೊಲ ಉಳಲು ಸಿದ್ದಕ್ಕನಿಗೆ ಒಂದು ಜೊತೆ ಮೈನಸ್ ಎತ್ತು ಮಂಜೂರು ಮಾಡಿ, ತಗ್ಗಿನಿಂದ ದಿಣ್ಣೆಗೆ ಹತ್ತುವುದನ್ನು ನೀರಿಗೆ ಕಲಿಸಿ, ವೇದಾವತಿಯನ್ನೂ ಹಿಂದಕ್ಕೆ ಹರಿಯಲು ಒಪ್ಪಿಸಿ. ಇದಾಗದಿದ್ದರೆ ಸೋಮವಾರ ಬೆಳಿಗ್ಗೆ ಊರಿಗೆ ಊರೇ ಬಂದು ತಮ್ಮನ್ನು ಮೂರು ಸಲ ಎಡಸುತ್ತು ಸುತ್ತುತ್ತೇವೆ. ಉಸಿರಾಡುವವರನ್ನು ಹಾಗೆ ಸುತ್ತಬಾರದು. ತಮಗೆ ಆ ಅಡ್ಡಿ ಇಲ್ಲ. ತಮ್ಮ ಶಾಸ್ತ್ರದಂತೆಯೇ ಆಗ ಎಲ್ಲ ಪ್ಲಸ್ ಆಗಬೇಕು. ಆಗುತ್ತಲೇ ತೂಬಿನ ಬೀಗ ಜುಂಜಣ್ಣ ತೆಗೆಯುತ್ತಾನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಓಬಯ್ಯ

ತಾ.ಕ.: ಮುಂದೆ ನಡೆಯುವವಳು ಸಿದ್ದಕ್ಕ, ಹೆಗಲ ಮೇಲೆ ಮಣ್ಣಿನ ಗಡಿಗೆ. ತಾವು ವಾಪಸು ಕೇಳಿದ ನೀರನ್ನು ಅದರಲ್ಲೇ ತರುತ್ತಾಳೆ. ಪದ್ಧತಿಯಂತೆ ಆ ಗಡಿಗೆಗೆ ಮೂರು ತೂತು ಇರುತ್ತವೆ. ತಮಗೆ ಎಷ್ಟು ತಲುಪಿತೆಂಬುದನ್ನು ತಾವೇ ಲೆಕ್ಕ ಹಾಕಿಕೊಳ್ಳುವುದು.