ವಾಂತಿಗೆ ಹೆದರುವ ಕಂಡಕ್ಟರು

ಬಸ್ಸಿನ ಕಂಡಕ್ಟರನ ಬಾಳಿನಲ್ಲಿ ಎಡವಟ್ಟುಗಳು ಸ್ಟಾಪ್ ಇಲ್ಲದ ಕಡೆಯೂ ಕೈ ಅಡ್ಡ ಹಾಕಿ ಹತ್ತಿಕೊಳ್ಳುತ್ತವೆ. ನನ್ನ ಬಾಳಿನಲ್ಲಂತೂ ಹತ್ತಿದವು ಇಳಿಯುವುದೂ ಇಲ್ಲ. ಹೊನ್ನಾಳಿಯಿಂದ ದಾವಣಗೆರೆ ಮೇಲೆ ಜಗಳೂರಿಗೆ ಹೋಗುವ ಖಾಸಗಿ ಬಸ್ಸು ನನ್ನದು. ನನಗೆ ಹಾವಿನ ಭಯವಿಲ್ಲ, ದೆವ್ವದ ಭಯವಿಲ್ಲ. ಯಾರಾದರೂ ವಾಂತಿ ಮಾಡಿದರೆ ಮಾತ್ರ ಕೈಕಾಲು ತಣ್ಣಗಾಗಿ ಓಟ ಕೀಳುತ್ತೇನೆ. ಬಸ್ಸಾದರೆ ಮುಂದಿನ ಬಾಗಿಲು, ಮನೆಯಾದರೆ ಹಿತ್ತಲ ಬಾಗಿಲು. ನಾಲ್ಕು ವರ್ಷದ ಮಗಳು ವಾಂತಿ ಮಾಡಿಕೊಂಡರೂ ಅಷ್ಟೇ.

ಹೆಂಡತಿ ಎರಡನೆಯ ಹೆರಿಗೆಗೆ ಜಗಳೂರಿನ ತವರಿಗೆ ಹೊರಡುವ ಮಾತು ಬಂದಾಗ ಖಡಾಖಂಡಿತವಾಗಿ ಹೇಳಿದಳು: “ಮಗಳನ್ನ ನಿಮ್ಮ ಹತ್ರ ಬಿಟ್ಟು ಹೋದ್ರೆ, ಹಗಲೇನೋ ಪಕ್ಕದ್ಮನೇರು ನೋಡ್ಕೊಂತಾರೆ, ರಾತ್ರಿ ಅದು ವಾಂತಿ ಮಾಡ್ಕೊಂಡಾಗ ನೋಡೋರು ಯಾರು? ನೀವು ಹಿತ್ಲಲ್ಲಿ ಇರ್ತೀರಿ. ಭಯ ವಾಸಿ ಮಾಡ್ಕೊಳ್ರಿ, ಇಲ್ಲಾಂದ್ರೆ ಅವಳನ್ನೂ ಕರ್ಕೊಂಡು ಹೋಗ್ತೀನಿ.”

ಮಗಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದ ಆಗಲಿಲ್ಲ. ಚನ್ನಗಿರಿಯಲ್ಲಿ ಮನಸ್ಸಿನ ಡಾಕ್ಟರಮ್ಮ ಒಬ್ಬರಿದ್ದಾರೆಂದು ಕೇಳಿ ಅವರ ಹತ್ತಿರ ಹೋದೆ.

ಮಾತ್ರೆ ಇಲ್ಲದ ಔಷಧ

ಮಾತ್ರೆ ಕೊಡುತ್ತಾರೆ ಅಂದುಕೊಂಡಿದ್ದೆ. ಡಾಕ್ಟರಮ್ಮ, “ಯಾವುದಕ್ಕೆ ಹೆದರ್ತೀರೋ ಅದರ ಹತ್ರಾನೇ ದಿನಾ ಸ್ವಲ್ಪ ಸ್ವಲ್ಪ ಹೋಗಿ. ಓಡಬೇಡಿ, ನಿಂತ್ಕೊಳ್ಳಿ. ಭಯ ಏರುತ್ತೆ, ಆಮೇಲೆ ತಾನೇ ಇಳಿಯುತ್ತೆ,” ಅಂದರು.

“ಅಂದ್ರೆ ವಾಂತಿ ನೋಡ್ಬೇಕಾ ಮೇಡಂ?”

“ನೋಡ್ಬೇಕು, ಕೇಳ್ಬೇಕು. ಮೊದ್ಲು ಬರೀ ಆ ಶಬ್ದ ಮಾಡಿ ಅಭ್ಯಾಸ ಮಾಡ್ಕೊಳ್ಳಿ. ಆಮೇಲೆ ಮನೇಲೇ ಸುಳ್ಳು ವಾಂತಿ ಕಲಸಿ ಎದುರಿಗೆ ಇಟ್ಕೊಂಡು ಕೂತ್ಕೊಳ್ಳಿ.”

ಇದು ಚಿಕಿತ್ಸೆಯೋ ಶಿಕ್ಷೆಯೋ ತಿಳಿಯಲಿಲ್ಲ. ಹೊರಗೆ ಪಾಳಿ ಕಾಯುತ್ತಿದ್ದ ಅಜ್ಜ, “ಏನು ಬರ್ಕೊಟ್ರಪ್ಪ?” ಎಂದು ವಿಚಾರಿಸಿದರು. “ದಿನಾ ಬೆಳಿಗ್ಗೆ ವಾಂತಿ,” ಅಂದೆ. ಅಜ್ಜ ಪಾಳಿ ಬಿಟ್ಟು ಎದ್ದು ಊರಿಗೆ ಹೋದರು.

ಬಚ್ಚಲ ಸದ್ದು

ಮರುದಿನದಿಂದಲೇ ಬೆಳಿಗ್ಗೆ ಬಚ್ಚಲಲ್ಲಿ ನಿಂತು “ವ್ಯಾಕ್, ವ್ಯಾಕ್” ಶುರು ಮಾಡಿದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದು ಜಗಲಿಯಲ್ಲಿ ಗಂಭೀರವಾಗಿ ಕೂತರು.

“ಯಾವಾಗಿಂದ ನಡೀತೈತೆ ಇದು?”

“ಈಗ ಶುರು ಮಾಡೀನಿ ಮೇಷ್ಟ್ರೆ.”

“ಬಿಡಾಕೆ ಆಗಲ್ವಾ?”

“ಡಾಕ್ಟ್ರೇ ಮಾಡು ಅಂದಾರೆ. ಸ್ವಲ್ಪದಿಂದ ಶುರು ಮಾಡಿ, ದಿನಾ ಜಾಸ್ತಿ ಮಾಡ್ತಾ ಹೋದ್ರೆ ಭಯ ಹೋಗ್ತೈತಂತೆ.”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ಎದ್ದ ಕೂಡ್ಲೆ ಕುಡುದ್ರೆ ಭಯ ಹೋಗ್ತೈತೋ, ಮನೆ ಹೋಗ್ತೈತೋ?”

“ಅಯ್ಯೋ, ನಾನು ಕುಡಿದಿಲ್ಲ ಮೇಷ್ಟ್ರೆ!”

“ಕುಡಿದೋರೆಲ್ಲ ಮೊದ್ಲು ಹೇಳೋದೇ ಅದು,” ಅಂದು ಎದ್ದರು.

ಬಟ್ಟಲಲ್ಲಿ ಇದ್ದದ್ದು

ಸುಳ್ಳು ವಾಂತಿ ಕಲಸುವ ಕೆಲಸ ಹೆಂಡತಿ ವಹಿಸಿಕೊಂಡಳು. ನೆನೆಸಿದ ಮಂಡಕ್ಕಿ, ಹುಳಿ ಮಜ್ಜಿಗೆ, ಅರಿಶಿನ, ಮೇಲೊಂದಿಷ್ಟು ಕ್ಯಾರೆಟ್ ತುರಿ. ಇಷ್ಟು ಚೆನ್ನಾಗಿ ಮಾಡಬೇಕಿತ್ತೇ ಅನ್ನಿಸಿತು. ನಡುಮನೆಯಲ್ಲಿ ಬಟ್ಟಲ ಎದುರು ಕೂತು ಬೆವರುತ್ತಿದ್ದೆ. ಅಷ್ಟರಲ್ಲಿ ಬಸ್ ಮಾಲೀಕರ ಫೋನ್ ಬಂತೆಂದು ಬೀದಿಗೆ ಹೋದೆ. ತಿರುಗಿ ಬಂದು ನೋಡಿದರೆ, ಆಗಷ್ಟೇ ಜಗಳೂರಿನಿಂದ ಬಂದಿದ್ದ ನಮ್ಮ ಮಾವ ಆ ಬಟ್ಟಲಿಗೆ ಚಮಚ ಹಾಕಿಕೊಂಡು ಉಣ್ಣುತ್ತಿದ್ದಾರೆ!

ನಿಂತ್ಕೊಳ್ಳಿ ಅಂದ ಡಾಕ್ಟರಮ್ಮನ ಮಾತು ಎಲ್ಲಿ ಹೋಯಿತೋ, ನಾನು ಹಿತ್ತಲಲ್ಲಿದ್ದೆ. ಒಳಗಿನ ಮಾತು ಕೇಳಿಸುತ್ತಿತ್ತು.

“ಅಳಿಯಂದ್ರು ಯಾಕವ್ವ ಹಂಗೆ ಓಡಿದ್ರು?”

“ಅಪ್ಪಾಜಿ, ಅದು ತಿನ್ನಾಕೆ ಮಾಡಿದ್ದಲ್ಲ.”

“ಮತ್ತೆ ಯಾತಕ್ಕೆ?”

“ನೋಡಾಕೆ.”

ಚಮಚ ಮತ್ತೊಮ್ಮೆ ಬಟ್ಟಲಿಗೆ ತಾಗಿದ ಸದ್ದು ಕೇಳಿಸಿತು. “ನೋಡಾಕೆ ಅಷ್ಟೇನು ಚೆನ್ನಾಗಿರ್ಲಿಲ್ಲವ್ವ. ತಿನ್ನಾಕೆ ಪರವಾಗಿಲ್ಲ. ಒಂಚೂರು ಉಪ್ಪು ಬೇಕಿತ್ತು.”

ಬಸ್ಸಿನಲ್ಲಿ ಕಾಯುವುದು

ಮುಂದಿನ ಮೆಟ್ಟಿಲು ಬಸ್ಸಿನಲ್ಲೇ. ವಾಂತಿ ಬರುವ ಹಾಗಿರುವವರ ಪಕ್ಕ ನಿಲ್ಲಬೇಕು ಎಂದರು ಡಾಕ್ಟರಮ್ಮ. ಮೊದಲೆಲ್ಲ ಯಾರಾದರೂ ಕವರ್ ಕೇಳದ ದಿನವೇ ಇರಲಿಲ್ಲ. ನಾನು ಕಾಯತೊಡಗಿದ್ದೇ ತಡ, ಇಡೀ ತಾಲ್ಲೂಕಿನ ಹೊಟ್ಟೆ ಗಟ್ಟಿಯಾಗಿಬಿಟ್ಟಿತು. ಕಡೆಗೊಂದು ದಿನ ಒಬ್ಬ ಅಜ್ಜಿ ಕಿಟಕಿಗೆ ತಲೆ ಒರಗಿಸಿದ್ದು ಕಂಡು, ಆಸೆಯಿಂದ ಹೋಗಿ ಪಕ್ಕ ನಿಂತೆ.

“ಹೊಟ್ಟೆ ತೊಳಸ್ತೈತಾ ಅಜ್ಜಿ?”

“ಇಲ್ಲಪ್ಪ.”

“ಒಂಚೂರೂ?”

“ಇಲ್ಲ ಅಂದ್ನಲ್ಲ.”

“ದಾವಣಗೆರೆ ಇನ್ನೂ ದೂರ ಐತೆ. ಬಂದ್ರೂ ಬರಬಹುದು, ನೋಡ್ರಿ.”

ಅಜ್ಜಿ ಎದ್ದು ಸೀದಾ ಮುಂದೆ ಹೋದರು. “ಡ್ರೈವರಪ್ಪಾ, ಗಾಡಿ ನಿಲ್ಸು. ನಿನ್ನ ಕಂಡಕ್ಟರು ಟಿಕೆಟ್ ಕೇಳೋದು ಬಿಟ್ಟು ವಾಂತಿ ಕೇಳ್ತಾವ್ನೆ!”

ಜಗಳೂರಿನ ದಾರಿಯಲ್ಲಿ

ಹೆಂಡತಿ ತವರಿಗೆ ಹೊರಟ ದಿನ ನನ್ನ ಬಸ್ಸೇ ಹತ್ತಿದಳು. ಮಗಳ ಬಟ್ಟೆಯ ಬ್ಯಾಗೂ ಜೊತೆಗಿತ್ತು. ನನ್ನ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ.

ದಾವಣಗೆರೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. “ಅಪ್ಪಾ, ಹೊಟ್ಟೆ…” ಅಂದಳು ಮಗಳು. ನನ್ನ ಕೈಕಾಲು ತಣ್ಣಗಾದವು. ಬಾಗಿಲ ಕಡೆಗೆ ಒಂದು ಕಾಲು ತಿರುಗಿಯೂ ಬಿಟ್ಟಿತ್ತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಹೋಗಿ ಮಗಳನ್ನು ಎತ್ತಿಕೊಂಡೆ. ಅಂಗಿ, ಚೀಲ, ಟಿಕೆಟ್ ಮೆಷಿನ್ ಎಲ್ಲಕ್ಕೂ ಅಭಿಷೇಕವಾಯಿತು. ಎದೆ ಡವಗುಟ್ಟಿತು, ಕಣ್ಣು ಕತ್ತಲಿಟ್ಟಿತು. ಆದರೂ ನಿಂತೆ. ಡಾಕ್ಟರಮ್ಮ ಹೇಳಿದಂತೆ ಭಯ ಏರಿತು, ನಿಧಾನಕ್ಕೆ ಇಳಿಯಿತು. ಖುಷಿಗೆ ಅಳುವೇ ಬಂತು. ಮೈಮೇಲೆ ವಾಂತಿ ಮಾಡಿಸಿಕೊಂಡು ಹಲ್ಲು ಕಿರಿದು ಅಳುವ ಕಂಡಕ್ಟರನನ್ನು ಪ್ರಯಾಣಿಕರೆಲ್ಲ ಬೆಪ್ಪಾಗಿ ನೋಡಿದರು.

ಹೆಂಡತಿ ಸೆರಗಿನಿಂದ ನನ್ನ ಮುಖ ಒರೆಸಿದಳು. “ಜಗಳೂರಲ್ಲಿ ನನ್ನ ಬ್ಯಾಗೊಂದೇ ಇಳಿಸ್ರಿ. ಅವಳು ನಿಮ್ಮ ಜೊತೆ ಹೊನ್ನಾಳಿಗೆ ವಾಪಸ್ ಬರ್ಲಿ,” ಅಂದಳು.

ಮಗಳ ಮುಖ ಮಾತ್ರ ಸಪ್ಪಗಿತ್ತು.

“ಇವತ್ತು ಯಾಕೆ ಓಡ್ಲಿಲ್ಲ ಅಪ್ಪಾ?”

“ಇನ್ಮೇಲೆ ಓಡೋದೇ ಇಲ್ಲ ಪುಟ್ಟಿ.”

“ಹಂಗಾದ್ರೆ ಆಟ ಹೆಂಗೆ ಆಡೋದು?”

ಆಗ ತಿಳಿಯಿತು. ಇಷ್ಟು ದಿನ ಅವಳು ಅದನ್ನು ಕಣ್ಣಾಮುಚ್ಚಾಲೆ ಅಂದುಕೊಂಡಿದ್ದಳು. ಅವಳು ವಾಂತಿ ಮಾಡಿದ ಕೂಡಲೇ ಅಪ್ಪ ಓಡಿ ಬಚ್ಚಿಟ್ಟುಕೊಳ್ಳಬೇಕು, ಆಮೇಲೆ ಅವಳು ಹುಡುಕಬೇಕು.

ಮಗಳು ಒದ್ದೆ ಕೈಯಲ್ಲೇ ನನ್ನ ಗಲ್ಲ ಮುಟ್ಟಿದಳು. “ಅಪ್ಪ ಔಟ್! ಈಗ ನೀನು ವಾಂತಿ ಮಾಡು, ನಾನು ಬಚ್ಚಿಟ್ಕೊಳ್ತೀನಿ.”