ಬಾಯಿ ಮುಚ್ಚಿ ಕೇಳುವ ಸಂಗೀತ

ಸಂಗೀತ ಕೇಳುವಾಗ ಬಾಯಿ ಮುಚ್ಚಿಕೊಂಡು ಕೂರುವುದು ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಕಲಿಸಿದರೂ ಬಾರದ ವಿದ್ಯೆ. ಒಬ್ಬರ ಮನೆಗೆ ಊಟಕ್ಕೆ ಹೋಗಿ, ಹೊಟ್ಟೆ ತುಂಬ ಉಂಡು, ಒಂದು ಮಾತೂ ಆಡದೆ ಕೈ ತೊಳೆದು ಚಪ್ಪಲಿ ಮೆಟ್ಟಿಕೊಂಡು ಬಂದರೆ ಅಡುಗೆ ಮಾಡಿದಾಕೆಗೆ ಏನನ್ನಿಸೀತು? ಹಾಡುವವರ ಎದುರು ಸುಮ್ಮನೆ ಕೂರುವುದೂ ನಮಗೆ ಅಂಥದೇ ಅಪಚಾರ. ಒಳ್ಳೆಯ ಜಾಗ ಬಂದರೆ ‘ಆಹಾ’ ಎನ್ನಬೇಕು, ಇನ್ನೂ ಒಳ್ಳೆಯದು ಬಂದರೆ ‘ವಾಹ್’ ಎನ್ನಬೇಕು, ಮಾತೇ ಹೊರಡದಿದ್ದರೆ ಪಕ್ಕದವನ ತೊಡೆಯನ್ನಾದರೂ ತಟ್ಟಬೇಕು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು. ಅಷ್ಟೂ ವರ್ಷದಲ್ಲಿ ನನ್ನ ಪಾಠಕ್ಕೆ ಒಬ್ಬನೇ ಒಬ್ಬ ವಿದ್ಯಾರ್ಥಿ ‘ಆಹಾ’ ಎನ್ನಲಿಲ್ಲ. ಆ ಸಿಟ್ಟಿಗೋ ಏನೋ, ನಾನು ಮಾತ್ರ ಹಾಡುವವರಿಗೆಲ್ಲ ಧಾರಾಳವಾಗಿ ‘ಆಹಾ’ ಹಂಚುತ್ತ ಬಂದಿದ್ದೇನೆ.

ಹಾಗೆಂದು ಬಾಯಿಗೆ ಬಂದಾಗ ಎನ್ನುವಂತಿಲ್ಲ. ಸ್ವರ ಬೀಳುವುದಕ್ಕೂ ‘ಆಹಾ’ ಬೀಳುವುದಕ್ಕೂ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು. ಈ ವಿಷಯದಲ್ಲಿ ಧಾರವಾಡದ ದೇಸಾಯಿ ಕಾಕಾ ನಮಗೆಲ್ಲ ಹಿರಿಯರು. ಎಂಬತ್ತು ದಾಟಿದವರು, ಯಾವ ಬೈಠಕ್ಕಿನಲ್ಲೂ ಮೊದಲ ಸಾಲು ಬಿಟ್ಟು ಕೂತವರಲ್ಲ. ಯಾರಾದರೂ ತಪ್ಪು ಜಾಗದಲ್ಲಿ ‘ಆಹಾ’ ಎಂದರೆ ಕಾಕಾ ಏನೂ ಬೈಯುವುದಿಲ್ಲ. ನಿಧಾನವಾಗಿ ಕತ್ತು ತಿರುಗಿಸಿ ಅವರನ್ನು ನೋಡುತ್ತಾರೆ, ಅಷ್ಟೇ. ಆ ನೋಟ ಇಪ್ಪತ್ತೈದು ವರ್ಷಗಳಲ್ಲಿ ನನ್ನ ಮೇಲೆ ಒಂದೇ ಸಲ ಬಿದ್ದಿತ್ತು. ಆಮೇಲೆ ಒಂದು ವಾರ ನನಗೆ ರೊಟ್ಟಿ ರುಚಿಸಿರಲಿಲ್ಲ.

ಇಂಥ ನಾನು, ಉಸಿರು ಬಿಗಿಹಿಡಿದು ಕೇಳಬೇಕಾದ ಸಂಗೀತಕ್ಕೆ ಚಂದಾ ಎತ್ತಲು ನಿಂತದ್ದು ಪಕ್ಕದ ಮನೆಯ ಸುಗುಣಾ ಟೀಚರ್ ಅವರಿಂದಾಗಿ. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮಿಶನ್ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಅವರ ಪಡಸಾಲೆಯಲ್ಲಿ ಹಾರ್ಪ್ಸಿಕಾರ್ಡ್ ಎಂಬ ವಾದ್ಯವಿದೆ. ನೋಡಿದರೆ ಉದ್ದ ಕಾಲು ಬಂದ ಹಾರ್ಮೋನಿಯಂ, ಕೇಳಿದರೆ ಯಾರೋ ಅವಸರದಲ್ಲಿ ಸಿತಾರ್ ಮೀಟಿದ ಹಾಗೆ. ಅದನ್ನು ಮಾಡಿದವರು ಬೆಂಗೇರಿಯ ಹಾರ್ಮೋನಿಯಂ ರಿಪೇರಿಯ ಚನ್ನಬಸಪ್ಪ. ಟೀಚರ್ ಕೊಟ್ಟ ನಕ್ಷೆ ಹಿಡಿದು ಎರಡು ವರ್ಷ ಒದ್ದಾಡಿ, ಕಡೆಗೆ ವಾದ್ಯವನ್ನು ಮನೆಗೆ ತಂದಿಟ್ಟು, “ಟೀಚರ್, ಇಂಥಾದ್ದು ಇನ್ನೊಂದು ಮಾಡಂತ ಮಾತ್ರ ಹೇಳಬ್ಯಾಡ್ರಿ,” ಎಂದು ಕೈಮುಗಿದಿದ್ದರಂತೆ.

ಪ್ರತಿ ರವಿವಾರ ಟೀಚರ್ ಅವರ ಹಳೆಯ ಶಿಷ್ಯರು ಮೂವರು ಅಲ್ಲಿ ಸೇರುತ್ತಾರೆ. ಇಬ್ಬರದು ಪಿಟೀಲು, ರೈಲ್ವೆಯಲ್ಲಿರುವ ಮೂರನೆಯವನದು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ಅವರು ನುಡಿಸುವುದು ಯುರೋಪಿನ ಮುನ್ನೂರು ವರ್ಷ ಹಳೆಯ ಸಂಗೀತ, ಅದಕ್ಕೆ ಬರೋಕ್ ಎನ್ನುತ್ತಾರೆ. ತಂಡಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದು ಇದೆಯಾದರೂ ಅದು ಯಾರ ನಾಲಿಗೆಗೂ ಹತ್ತಿಲ್ಲ. ನಮ್ಮ ಓಣಿಯವರಿಗೆ ಅದು ‘ಟೀಚರ್ ಮೇಳ’.

ಒಂದು ಮುಂಜಾನೆ ಟೀಚರ್ ನಮ್ಮ ಮನೆಗೆ ಬಂದು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಬೆರಳ ಗೆಣ್ಣುಗಳು ಬಾತು ಅಡಿಕೆಯಷ್ಟಾಗಿದ್ದವು. ಸಂಧಿವಾತ. ಬರುವ ಮಳೆಗಾಲದ ಹೊತ್ತಿಗೆ ಬೆರಳು ಮಡಚುವುದೇ ಕಷ್ಟವಾದೀತು ಎಂದು ಡಾಕ್ಟರು ಹೇಳಿದ್ದರಂತೆ.

“ಅಷ್ಟರಾಗ ಒಂದ್ ರೆಕಾರ್ಡ್ ಮಾಡಬೇಕಂತ ಆಸೆ ಅದ ಸರ,” ಎಂದರು.

“ಮಾಡೋಣ್ರಿ ಟೀಚರ್. ಮುಂದಿನ ಪೀಳಿಗಿಗೆ ಬೇಕಲ್ಲ,” ಎಂದೆ ನಾನು, ಕಾಲೇಜಿನ ಬೀಳ್ಕೊಡುಗೆ ಸಮಾರಂಭದ ಧಾಟಿಯಲ್ಲಿ.

“ಪೀಳಿಗಿ ಎಲ್ಲಿದ ಬಿಡ್ರಿ. ನನಗ ಬೇಕು. ನಾ ಸತ್ತ ಮ್ಯಾಲ ಅಲ್ಲ, ನನ್ನ ಬೆರಳು ಸತ್ತ ಮ್ಯಾಲ ಕೇಳಾಕ.”

ಮಾತು ತೋಚದೆ ಹೋದಾಗಲೆಲ್ಲ ನಾನು ಯಾವುದಾದರೊಂದು ಜವಾಬ್ದಾರಿ ಮೈಮೇಲೆ ಎಳೆದುಕೊಳ್ಳುತ್ತೇನೆ. “ರೊಕ್ಕದ ಚಿಂತಿ ಬಿಡ್ರಿ, ನಾ ಅದೇನಿ,” ಎಂದುಬಿಟ್ಟೆ. ಒಳಗಿಂದ ನನ್ನ ಹೆಂಡತಿ ಇಣುಕಿ ನೋಡಿದಳು. ‘ನಾ ಅದೇನಿ’ ಎಂದು ನಾನು ಹಿಂದೆ ಹೇಳಿದ ಸಂದರ್ಭಗಳು ಆಕೆಗೆ ನೆನಪಿದ್ದವು.

ಬೆಳಗಾವಿಯಿಂದ ರೆಕಾರ್ಡಿಂಗ್ ಎಂಜಿನಿಯರ್ ಬರಬೇಕು, ಧಾರವಾಡದ ಕಡೆ ಸದ್ದಿಲ್ಲದ ಸಭಾಗೃಹ ಬೇಕು, ಮುಟ್ಟಿದರೆ ಶ್ರುತಿ ಕೆಡುವ ಆ ವಾದ್ಯವನ್ನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕೂಸಿನ ಹಾಗೆ ಸಾಗಿಸಬೇಕು. ನಾನು ಮೊದಲು ಹೋದದ್ದು ಹತ್ತಿ ವ್ಯಾಪಾರದ ಶಿವಪ್ಪ ಸಾಹುಕಾರರ ಹತ್ತಿರ. ಅವರ ಮಗನನ್ನು ರಸಾಯನಶಾಸ್ತ್ರದಲ್ಲಿ ಪಾಸು ಮಾಡಿಸಿದ ಸಲಿಗೆಯಿತ್ತು. ಸಾಹುಕಾರರು ಎಲ್ಲ ಕೇಳಿಸಿಕೊಂಡು, “ಹಾಡಾವ್ರು ಯಾರ್ರಿ ಸರ?” ಎಂದರು.

“ಹಾಡೂದಿಲ್ರಿ. ಬರೇ ಬಾರಸೂದು.”

“ಹಾಡಾವ್ರು ಕೈಕೊಟ್ರೇನು?”

“ಇಲ್ಲರಿ, ಅದು ಇರೂದ ಹಂಗ.”

“ತಬಲಾದಾವ್ರು?”

“ತಬಲಾನೂ ಇಲ್ಲರಿ.”

ಸಾಹುಕಾರರ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. “ಪಾಪ, ಭಾಳ ಬಡತನದಾಗ ನಡಸ್ಯಾರ ಬಿಡ್ರಿ,” ಎಂದು ರೊಕ್ಕದ ಗಲ್ಲೆಗೆ ಕೈ ಹಾಕಿದರು. ಆ ತಿಳಿವಳಿಕೆಯನ್ನು ತಿದ್ದುವ ಪ್ರಾಮಾಣಿಕತೆ ನನ್ನಲ್ಲಿತ್ತು, ಆದರೆ ಅವರ ಕೈ ಗಲ್ಲೆಯಿಂದ ಹೊರಗೆ ಬರುವ ತನಕ ಅದನ್ನು ತಡೆದುಕೊಂಡೆ. ಆಮೇಲೆ ಹೋದ ಮನೆಗಳಲ್ಲಿ ನಾನೇ ಮೊದಲು ಹೇಳತೊಡಗಿದೆ: ಪಾಪ, ತಬಲಾನೂ ಇಲ್ಲ.

ಕೊಟ್ಟವರೆಲ್ಲರೂ ಕೊಟ್ಟಾದ ಮೇಲೆ ಕೇಳಿದ ಪ್ರಶ್ನೆ ಒಂದೇ: “ಕೇಳಾಕ ಯಾವಾಗ ಬರೂಣ್ರಿ?” ನಮ್ಮಲ್ಲಿ ಸಂಗೀತಕ್ಕೆ ಕೊಡುವುದೆಂದರೆ ರೊಕ್ಕ ಕೊಟ್ಟು ಮನೆಗೆ ಹೋಗುವುದಲ್ಲ. ಅಂಗಿ ಇಸ್ತ್ರಿ ಮಾಡಿಸಿ, ಹೆಂಡತಿಯನ್ನು ಕರೆದುಕೊಂಡು ಬಂದು, ಎದುರಿಗೆ ಕೂತು ಕೇಳಿದರೇ ಅದು ಕೊಟ್ಟ ಹಾಗೆ. ನಾನೂ ಅದೇ ನೀರು ಕುಡಿದು ಬೆಳೆದವನು. ಹಿಂದೆಮುಂದೆ ಯೋಚಿಸದೆ, “ರೆಕಾರ್ಡಿಂಗ್ ದಿನಾನ ಬರ್ರಿ,” ಎಂದೆ. ಹೀಗೆ ಇಪ್ಪತ್ತೆರಡು ಜನರಿಗೆ ಹೇಳಿದ ಮೇಲೆ ಟೀಚರ್ ಅವರಿಗೆ ಸುದ್ದಿ ಮುಟ್ಟಿಸಿದೆ.

ಟೀಚರ್ ಕೂತಲ್ಲಿಂದ ಎದ್ದು ನಿಂತರು. “ಸರ! ರೆಕಾರ್ಡಿಂಗಿನ್ಯಾಗ ಮಂದಿ ಕುಂದ್ರಂಗಿಲ್ರಿ!”

“ಕುಂತ್ರ ಏನಾತ್ರಿ? ಅವ್ರೇನು ಮಾಡ್ತಾರ?”

“ಉಸಿರಾಡ್ತಾರ.”

ಕೊಟ್ಟ ಮಾತು ಹಿಂತೆಗೆದುಕೊಂಡರೆ ಕೊಟ್ಟ ಚಂದಾವೂ ಹಿಂದೆ ಹೋಗುತ್ತಿತ್ತು. ಉಸಿರಾಡುವುದನ್ನು ಎಂಜಿನಿಯರು ಹೇಗೋ ಸಹಿಸಿಕೊಳ್ಳುವುದಾಗಿ ಫೋನಿನಲ್ಲಿ ಒಪ್ಪಿದರು. ಆದರೆ ‘ಆಹಾ’ ಎನ್ನುವ ಇಪ್ಪತ್ತೆರಡು ಬಾಯಿಗಳಿಗೆ ಏನು ಮಾಡುವುದು? ನನ್ನ ತಲೆಗೆ ಉಪಾಯವೊಂದು ಹೊಳೆಯಿತು. ಧಾರವಾಡದಲ್ಲಿ ಕೂತು ಬಾಯಿ ಕಟ್ಟಲು ಬೇರೆ ಊರಿನ ಸಾಮಾನು ಏಕೆ? ನುಡಿಸುವುದು ಶುರುವಾಗುವ ಮುನ್ನ ಪ್ರತಿಯೊಬ್ಬರ ಬಾಯಿಗೂ ಒಂದೊಂದು ಇಡೀ ಪೇಢೆ! ಪೇಢೆ ಬಾಯಲ್ಲಿದ್ದಾಗ ಮಾತಾಡುವ ಮನುಷ್ಯ ಇನ್ನೂ ನಮ್ಮಲ್ಲಿ ಹುಟ್ಟಿಲ್ಲ. ಟೀಚರ್ ಅವರಿಗೂ ನಗು ಬಂತು, ಒಪ್ಪಿದರು.

ಧಾರವಾಡದ ಹಳೆಯ ಶಾಲೆಯೊಂದರ ಪ್ರಾರ್ಥನಾ ಮಂದಿರ ಸಿಕ್ಕಿತು. ದಪ್ಪ ಗೋಡೆ, ಸುತ್ತ ಮರಗಳು. ಎಪ್ರಿಲ್ ತಿಂಗಳ ಸೆಖೆ. ಸದ್ದಾಗುತ್ತದೆಂದು ಎಂಜಿನಿಯರು ಫ್ಯಾನುಗಳನ್ನು ಬಂದ್ ಮಾಡಿಸಿದರು. ಮೊದಲ ಸಾಲಿನ ನಡುವೆ ದೇಸಾಯಿ ಕಾಕಾ, ಅವರ ಎಡಕ್ಕೆ ಸಾಹುಕಾರರು, ಬಲಕ್ಕೆ ನಾನು. ಪ್ರತಿ ತುಣುಕಿಗೆ ಮುಂಚೆ ನಾನು ತಟ್ಟೆ ಹಿಡಿದು, “ಅಗೀಬ್ಯಾಡ್ರಿ, ಬಾಯಾಗಿಟ್ಕೊಂಡು ಕರಗಸ್ರಿ,” ಎಂದು ಪೇಢೆ ಹಂಚುತ್ತ ಬಂದೆ. ಕಾಕಾ ಅದನ್ನು ಔಷಧದ ಹಾಗೆ ಬಾಯಿಗೆ ಹಾಕಿಕೊಂಡರು. ಬಿರುಸಿನ ತುಣುಕುಗಳೆಲ್ಲ ಊಟದ ಹೊತ್ತಿಗೆ ಮುಗಿದವು. ಉಳಿದದ್ದು ಒಂದೇ, ನಿಧಾನದ್ದು. ಟೀಚರ್ ತಮ್ಮ ಹದಿನೇಳನೆಯ ವಯಸ್ಸಿನಲ್ಲಿ ಕಲಿತು ಅಂದಿನಿಂದ ಬಿಡದೆ ನುಡಿಸುತ್ತ ಬಂದದ್ದು. ಅವರಿಗೆ ಬೇಕಾಗಿದ್ದದ್ದೂ ಅದೇ.

ಮೊದಲ ಸಲ ಅರ್ಧಕ್ಕೆ ಬಂದಾಗ ಹೊರಗೆ ಕೋಚಿಂಗ್ ಕ್ಲಾಸು ಬಿಟ್ಟು, ಧಾರವಾಡದ ಬೈಕುಗಳೆಲ್ಲ ಒಂದೇ ಸಲ ಹೊರಟವು. ಎರಡನೆಯ ಸಲ, ಇನ್ನೇನು ಮುಗಿಯಬೇಕು, ಒಂದು ಕಡೆ ಸಂಗೀತ ಕ್ಷಣಕಾಲ ನಿಂತಿತು. ಸಾಹುಕಾರರ ಪೇಢೆ ಅಷ್ಟರಲ್ಲಿ ಕರಗಿತ್ತು. “ಮುಗೀತೇನ್ರಿ?” ಎಂದರು, ಹತ್ತಿ ಹರಾಜಿನ ದನಿಯಲ್ಲಿ. ಎಂಜಿನಿಯರು ತಲೆಯ ಮೇಲಿನ ಹೆಡ್‌ಫೋನ್ ತೆಗೆದು ಕಣ್ಣು ಮುಚ್ಚಿಕೊಂಡು ಕೂತರು.

ಟೀಚರ್ ಎದ್ದು ಹೋಗಿ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ನಿಂತಿದ್ದರು. ನಾನು ಹತ್ತಿರ ಹೋದೆ. ಬೆರಳುಗಳು ಕೆಂಪಾಗಿ ಬಾತಿದ್ದವು.

“ಇನ್ನೊಂದ್ ಸಲ ಆಗತದ ಸರ. ಅದರ ಮ್ಯಾಲ ಆಗಂಗಿಲ್ಲ,” ಎಂದರು.

ಈ ಜನರನ್ನೆಲ್ಲ ಕರೆದು ಕೂರಿಸಿದವನು ನಾನೇ ಅಲ್ಲವೆ? ಬಂದು ಎಲ್ಲರಿಗೂ ಕೈಮುಗಿದೆ. ಸಾಹುಕಾರರಿಗೆ ಎರಡು ಪೇಢೆ ಕೊಟ್ಟೆ. ತಟ್ಟೆ ಖಾಲಿಯಾಯಿತು. ನನಗೇನೂ ಉಳಿಯಲಿಲ್ಲ, ಉಳಿದಿದ್ದರೂ ತಿನ್ನುವಂತಿರಲಿಲ್ಲ. ನಾನು ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯವನು. ಬೆಳಗಿನಿಂದ ಆ ಸಭೆಯಲ್ಲಿ ಬಾಯಿ ಖಾಲಿ ಇದ್ದ ಕೇಳುಗ ನಾನೊಬ್ಬನೇ ಎಂಬುದು ನನ್ನನ್ನೂ ಸೇರಿಸಿ ಯಾರ ಗಮನಕ್ಕೂ ಬಂದಿರಲಿಲ್ಲ.

ಮೂರನೆಯ ಸಲ ಶುರುವಾಯಿತು. ಆ ಸಂಗೀತದ ಶಾಸ್ತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡ ಪಿಟೀಲು ಕೆಳಗೆ ಒಂದೇ ನಡಿಗೆಯಲ್ಲಿ ನಡೆಯುತ್ತಿತ್ತು, ಟೀಚರ್ ಬಲಗೈ ಮೇಲೆ ಏನನ್ನೋ ಹುಡುಕುತ್ತಿತ್ತು. ನಮ್ಮವರು ಷಡ್ಜದ ಬಾಗಿಲ ತನಕ ಬಂದು, ಒಳಗೆ ಬರದೆ, ಅಲ್ಲಲ್ಲೇ ಸುಳಿದಾಡಿ ಕೇಳುವವರ ಜೀವ ತಿನ್ನುತ್ತಾರಲ್ಲ, ಥೇಟ್ ಹಾಗೆ. ಟೀಚರ್ ಸ್ವರಕ್ಕೆ ಬಂದರು ಎನ್ನುವಷ್ಟರಲ್ಲಿ ಮತ್ತೆ ದೂರ ಹೋದರು. ನಾನು ಸಭೆ ಮರೆತೆ, ಮೈಕು ಮರೆತೆ, ಸೆಖೆ ಮರೆತೆ. ಈ ಸಲ ಬಂದೇ ಬರುತ್ತಾರೆ ಎಂದು ನನ್ನ ಇಪ್ಪತ್ತೈದು ವರ್ಷದ ಕೇಳ್ಮೆ ಹೇಳಿತು. ಟೀಚರ್ ಬೆರಳು ಇಳಿಯಿತು.

“ಆಹಾ!” ಎಂದೆ.

ಸಣ್ಣ ದನಿಯಲ್ಲೇನೂ ಅಲ್ಲ. ನಾಲ್ವರೂ ನಿಲ್ಲಿಸದೆ ಮುಂದುವರಿಸಿ ಕೊನೆ ಮುಟ್ಟಿಸಿದರು. ತಂತಿಯ ಕೊನೆಯ ಸದ್ದು ಅಡಗಿದ ಮೇಲೆ ಇಪ್ಪತ್ತೆರಡು ಜನರೂ, ಕೆನ್ನೆಗಳನ್ನು ಉಬ್ಬಿಸಿಕೊಂಡೇ, ನನ್ನ ಕಡೆ ತಿರುಗಿದರು. ದೇಸಾಯಿ ಕಾಕಾ ಎಲ್ಲರಿಗಿಂತ ನಿಧಾನವಾಗಿ ತಿರುಗಿದರು. ನನ್ನ ಬದುಕಿನ ಎರಡನೆಯ ನೋಟ ಅದು. ನೆಲ ಬಾಯಿಬಿಡಬಾರದೆ ಎನ್ನಿಸಿತು. ಟೀಚರ್ ತಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ಅವರು ಬೇಡಿದ್ದು ಒಂದೇ ಒಂದು. ಅದನ್ನು ನಾನು ನನ್ನ ಬಾಯಿಂದಲೇ ಕೆಡಿಸಿದ್ದೆ.

ಎಂಜಿನಿಯರು ಟೀಚರ್ ಅವರನ್ನು ಕರೆದು ಹೆಡ್‌ಫೋನ್ ಕೊಟ್ಟರು. ನಾನು ಬಾಗಿಲ ಹತ್ತಿರ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನ ಹಾಗೆ ನಿಂತಿದ್ದೆ. ಟೀಚರ್ ಒಂದು ಸಲ ಕೇಳಿದರು. ಅದೇ ಜಾಗವನ್ನು ಮತ್ತೊಂದು ಸಲ ಹಾಕಿಸಿಕೊಂಡರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಓಡಿಹೋದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

“ಸರ, ಆ ಜಾಗಾದಾಗ ನನ್ನ ಉಂಗುರದ ಬೆರಳು ಸೋತು ಬ್ಯಾರೇ ಕೀಲಿ ಮ್ಯಾಲ ಬಿತ್ತು. ಪೂರಾ ಅಪಸ್ವರ. ಎಲ್ಲಾ ಕೆಡಿಸಿದೆ ಅಂತ ನಾನ ಕುಂತಿದ್ದೆ,” ಎಂದರು.

“ನನಗ ಕೇಳಸಲಿಲ್ಲಲ್ರಿ?”

“ಹೆಂಗ ಕೇಳಸತದ? ನೀವು ಒದರಿದ್ರಿ. ನಿಮ್ಮ ಆಹಾ ಸರಿಯಾಗಿ ಅದರ ಮ್ಯಾಲ ಹೋಗಿ ಕುಂತದ. ಈಗ ಯಾರಿಗೂ ಕೇಳಸಂಗಿಲ್ಲ.”

ಎಂಜಿನಿಯರು, ಬೇಕಾದರೆ ಆ ದನಿಯನ್ನು ತೆಳುವಾಗಿಸಿ ತೆಗೆಯಲು ಪ್ರಯತ್ನಿಸಬಹುದು ಎಂದರು. ಟೀಚರ್ ಬಲವಾಗಿ ತಲೆಯಾಡಿಸಿದರು. “ತೆಗೀಬ್ಯಾಡ್ರಿ. ಐವತ್ತು ವರ್ಷದಿಂದ ಬಾರಸಾಕತ್ತೇನಿ, ಒಬ್ಬರೂ ನನಗ ಆಹಾ ಅಂದಿಲ್ಲ. ಎಲ್ಲಾರೂ ಮುಗದ ಮ್ಯಾಲ ಸಾವಕಾಶ ಚಪ್ಪಾಳಿ ತಟ್ಟಿ ಮನಿಗೆ ಹೋಗ್ಯಾರ. ಇದು ಇರಲಿ.” ನಾನು ಪೇಢೆಯ ಖಾಲಿ ತಟ್ಟೆ ಎತ್ತಿಕೊಂಡು ತೊಳೆಯಲು ಹೋದೆ.

ಮಳೆಗಾಲ ಬಂತು. ಡಾಕ್ಟರು ಹೇಳಿದ್ದು ನಿಜವಾಯಿತು. ಟೀಚರ್ ಈಗ ವಾದ್ಯದ ಮುಚ್ಚಳ ತೆಗೆಯುವುದು ಧೂಳು ಒರೆಸಲು ಮಾತ್ರ. ಆದರೆ ಸಂಜೆ ಐದಕ್ಕೆ ಗೋಡೆಯಾಚೆಯಿಂದ ಆ ನಿಧಾನದ ಸಂಗೀತ ದಿನಾ ಬರುತ್ತದೆ. ಅದರ ನಡುವೆ ನಾನೂ ಬರುತ್ತೇನೆ. ಆ ಹೊತ್ತಿಗೆ ನನ್ನ ಹೆಂಡತಿ ಅಡುಗೆಮನೆಯಿಂದ, “ನಿಮ್ಮದು ಆತು ನೋಡ್ರಿ,” ಎನ್ನುತ್ತಾಳೆ.

ಹೋದ ವಾರ ದೇಸಾಯಿ ಕಾಕಾ ತಾವಾಗಿಯೇ ರಿಕ್ಷಾ ಮಾಡಿಕೊಂಡು ಟೀಚರ್ ಮನೆಗೆ ಬಂದರು. ಅಂದು ಬಾಯಲ್ಲಿ ಪೇಢೆ ಇದ್ದದ್ದರಿಂದ ಮನಸ್ಸಿಟ್ಟು ಕೇಳಲಾಗಲಿಲ್ಲ, ಇನ್ನೊಮ್ಮೆ ಹಾಕಿರಿ ಎಂದರು. ನನ್ನನ್ನೂ ಕರೆಸಿದರು. ಕಣ್ಣು ಮುಚ್ಚಿ, ಬೆರಳಿಂದ ತೊಡೆಯ ಮೇಲೆ ತಾಳ ಹಾಕುತ್ತ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ನಿಧಾನವಾಗಿ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಮೂರನೆಯ ಸಲ ಎಂದು ನಾನು ಎದೆ ಗಟ್ಟಿ ಮಾಡಿಕೊಂಡೆ.

“ಅವತ್ತು ನಿನ್ನ ಬಗ್ಗೆ ತಪ್ಪು ತಿಳಕೊಂಡಿದ್ದೆ,” ಎಂದರು ಕಾಕಾ. “ಈ ಸಂಗೀತ ನನಗ ತಿಳಿಯಂಗಿಲ್ಲಪಾ. ಆದ್ರ ಆಹಾ ಅಂದ್ರ ಹಿಂಗ ಬೀಳಬೇಕು. ಸ್ವರದ ಮ್ಯಾಲ ಎಷ್ಟು ಬರೋಬ್ಬರಿ ಬಿದ್ದದ ಅಂದ್ರ, ಸ್ವರಾನ ಕೇಳಸಂಗಿಲ್ಲ ನೋಡು!”

ಟೀಚರ್ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕಾಕಾ ಅವರಿಗೆ ಕೊಡುತ್ತ, ನಗದೆ, “ಖರೇರಿ ಕಾಕಾ, ಆ ಜಾಗಾ ಸರ್ ಒಬ್ಬರಿಗೇ ತಿಳೀತು,” ಎಂದರು. ನಿಜ ಹೇಳುವ ಅವಕಾಶ ನನಗೆ ಆಗಲೂ ಇತ್ತು. ನಾನು ತಲೆ ತಗ್ಗಿಸಿ, ಇಷ್ಟು ವರ್ಷ ಕಾಕಾ ಅವರ ಪಕ್ಕದಲ್ಲಿ ಕೂತು ಕಲಿತದ್ದು ಎಂದು ವಿನಯದಿಂದ ಹೇಳಿದೆ.